ಮೂರು ಹಳೆಯ ಬೋರ್ಡೋ, ಒಂದು ಲಕೋಟೆ ಅಂಕಗಳು

16 ನವೆಂಬರ್ 2024, ಶನಿವಾರ
ಬೋರ್ಡೋ

ಇವತ್ತು ಮೇಜಿನ ಮೇಲಿದ್ದದ್ದು ಮೂರೇ ಬಾಟಲಿ, ಮೂರೂ ಫ್ರಾನ್ಸಿನ ಈ ಬೋರ್ಡೋ ಪ್ರದೇಶದ ಕೆಂಪು ವೈನ್; ಹೆಸರಿನ ಜೊತೆಗಿರುವುದು ದ್ರಾಕ್ಷಿ ಕೊಯ್ದ ವರ್ಷ. ಸೇಂಟ್ ಎಸ್ತೆಫ್‌ನ ಶಾತೋ ಮೊಂತ್ರೋಜ್ 1990, ಸೇಂಟ್ ಜೂಲಿಯೆನ್‌ನ ಶಾತೋ ಲೆಯೊವಿಲ್ ಬಾರ್ತೊನ್ 1996, ಸೇಂಟ್ ಎಮಿಲಿಯೊನ್‌ನ ಶಾತೋ ಪಾವಿ 2003. ಮೊದಲಿನ ಎರಡು ಜಿರೋಂದ್ ಅಳಿವೆಯ ಎಡದಂಡೆಯವು, ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯೇ ಪ್ರಧಾನ. ಮೂರನೆಯದು ದೋರ್ದೋನ್ ನದಿಯ ಕಡೆಯ ಬಲದಂಡೆಯದು, ಮೆರ್ಲೋ ಹೆಚ್ಚು. ಶಾರ್ತ್ರೋನ್ ಬಡಾವಣೆಯಲ್ಲಿ, ಹಿಂದೆ ವೈನ್ ವರ್ತಕರ ಮಳಿಗೆಗಳೇ ತುಂಬಿದ್ದ ಬೀದಿಯೊಂದರಲ್ಲಿ, ನಿವೃತ್ತ ವರ್ತಕರೊಬ್ಬರ ಮನೆ. ಬಾಟಲಿಗಳು ಅವರ ನೆಲಮಾಳಿಗೆಯವು. ವಿಮರ್ಶಕರು ಕೊಟ್ಟ ಅಂಕಗಳನ್ನು ಬರೆದು ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದರು. ಎಲ್ಲರೂ ತಮಗನಿಸಿದ್ದನ್ನು ಬರೆದ ಮೇಲಷ್ಟೇ ಅದನ್ನು ತೆರೆಯುವುದು ಎಂಬ ಕರಾರು.

ಹಳೆಯ ಬಾಟಲಿ ತೆರೆಯುವುದೇ ಒಂದು ಕುಶಲ ಕೆಲಸ. ಮೂವತ್ತು ವರ್ಷ ದಾಟಿದ ಬಿರಡೆ ನೆನೆದು ಮೆತ್ತಗಾಗಿರುತ್ತದೆ. ತಿರುಪುಕಡ್ಡಿ ಹಾಕಿದರೆ ನಡುವೆಯೇ ಮುರಿಯಬಹುದು. ಅವರು ತೆಗೆದುಕೊಂಡದ್ದು ಎರಡು ತೆಳುವಾದ ಉಕ್ಕಿನ ಅಲಗುಗಳಿರುವ ಸಾಧನ. ಬಿರಡೆಗೂ ಗಾಜಿಗೂ ನಡುವೆ ಒಂದು ಅಲಗನ್ನು ಇಷ್ಟಿಷ್ಟೇ ಇಳಿಸಿ, ಇನ್ನೊಂದು ಕಡೆಯಿಂದ ಮತ್ತೊಂದನ್ನು ಇಳಿಸಿ, ಕೈಯನ್ನು ನಿಧಾನಕ್ಕೆ ತಿರುಗಿಸುತ್ತ ಮೇಲಕ್ಕೆಳೆದರು. ಬಿರಡೆ ಇಡಿಯಾಗಿ ಬಂತು. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದರಿಂದ ಗಸಿಯೆಲ್ಲ ತಳ ಸೇರಿತ್ತು. ಕುತ್ತಿಗೆಯ ಹಿಂದೆ ಮೇಣದಬತ್ತಿ ಇಟ್ಟುಕೊಂಡು ವೈನನ್ನು ಸಣ್ಣ ಧಾರೆಯಲ್ಲಿ ಗಾಜಿನ ಹೂಜಿಗೆ ಬಗ್ಗಿಸಿದರು. ಕಪ್ಪು ಎಳೆಯೊಂದು ಕುತ್ತಿಗೆಯತ್ತ ಸರಿಯುವುದು ಕಂಡದ್ದೇ ತಡ, ಕೈ ನಿಂತಿತು. ಕೊನೆಯ ಎರಡು ಬೆರಳಿನಷ್ಟು ವೈನ್ ಬಾಟಲಿಯಲ್ಲೇ ಉಳಿಯಿತು.

ಆ ಗಸಿಯಲ್ಲೇ ವೈನಿನ ವಯಸ್ಸಿದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಎಳೆಯ ವೈನಿನಲ್ಲಿ ನಾಲಿಗೆ ಹಿಡಿಯುವಷ್ಟು ಒಗರು. ವರ್ಷಗಳು ಕಳೆದಂತೆ ಅದು ಬಣ್ಣದ ಕಣಗಳ ಜೊತೆ ಕೂಡಿಕೊಂಡು, ಭಾರವಾಗಿ, ತಳಕ್ಕಿಳಿಯುತ್ತದೆ. ಹಾಗಾಗಿ ಬಣ್ಣ ತಿಳಿಯಾಗುತ್ತದೆ, ಒಗರು ಕರಗುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿದು ಬೇರೆ ವಾಸನೆಗಳು ಮುಂದೆ ಬರುತ್ತವೆ.

ಮೊಂತ್ರೋಜ್ ಮೊದಲು. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿಸಿದರೆ ನಡುವೆ ಗಾಢ ದಾಳಿಂಬೆ ಬಣ್ಣ, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ವಾಸನೆಯಲ್ಲಿ ಚರ್ಮ, ದೇವದಾರು, ಅದರ ಹಿಂದೆಯೇ ಸ್ಪಷ್ಟವಾಗಿ ಕುದುರೆ ಲಾಯ. ಈ ಲಾಯದ ವಾಸನೆಗೆ ಕಾರಣ ಬ್ರೆಟನೊಮೈಸಿಸ್ ಎಂಬ ಯೀಸ್ಟ್. 1990ರ ಮೊಂತ್ರೋಜ್ ವಿಷಯದಲ್ಲಿ ಈ ಮಾತು ವೈನ್ ವಲಯದಲ್ಲಿ ಹಳೆಯದು. ಇದಕ್ಕೇ ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ 100ಕ್ಕೆ 100 ಕೊಟ್ಟರು. ಇದೇ ವಾಸನೆಯನ್ನು ದೋಷವೆಂದು ಎಣಿಸಿ ಅಂಕ ಕಳೆಯುವವರೂ ಇದ್ದಾರೆ. ನನ್ನ ಗ್ಲಾಸಿನಲ್ಲಿ ಅದು ಹದ ಮೀರಿರಲಿಲ್ಲ. ಗುಟುಕು ಇಳಿದ ಮೇಲೂ ಕಪ್ಪು ಹಣ್ಣಿನ ಸಿಹಿ ಬಾಯಲ್ಲಿ ಬಹಳ ಹೊತ್ತು ನಿಂತಿತು. ಆದರೆ ಪಕ್ಕದಲ್ಲಿ ಕುಳಿತಿದ್ದವರು ಮೂಗು ಹಿಂದೆಗೆದದ್ದೂ ಅಷ್ಟೇ ಪ್ರಾಮಾಣಿಕ.

ಪಾವಿ 2003ರ ಕಥೆ ಇನ್ನೂ ದೊಡ್ಡದು. ಆ ವರ್ಷದ ಆಗಸ್ಟ್‌ನಲ್ಲಿ ಯುರೋಪ್ ಸುಡುವ ಬಿಸಿಲಿಗೆ ಸಿಕ್ಕಿತ್ತು. ದ್ರಾಕ್ಷಿ ಬೇಗ ಮಾಗಿತು, ಸಕ್ಕರೆ ಏರಿತು, ಹುಳಿ ಇಳಿಯಿತು. 2004ರ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗಲೇ ವಿಮರ್ಶಕರು ರುಚಿ ನೋಡಿದರು. ಪಾರ್ಕರ್ ತಮ್ಮ 100ರ ಮಾಪಕದಲ್ಲಿ 95ಕ್ಕೆ ಕಡಿಮೆ ಇಲ್ಲದ ಅಂಕ ಕೊಟ್ಟರು. ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ 20ಕ್ಕೆ 12 ಕೊಟ್ಟರು. ಇಬ್ಬರ ನಡುವೆ ಬಹಿರಂಗವಾಗಿಯೇ ಜಟಾಪಟಿ ನಡೆಯಿತು. ಪಾರ್ಕರ್ ಮೇರಿಲ್ಯಾಂಡಿನಲ್ಲಿ ವಕೀಲರಾಗಿದ್ದವರು, 1978ರಲ್ಲಿ 'ದಿ ವೈನ್ ಅಡ್ವೊಕೇಟ್' ಎಂಬ ವಿಮರ್ಶಾ ಪತ್ರಿಕೆ ಆರಂಭಿಸಿದವರು. 1982ರ ಬೋರ್ಡೋ ವೈನ್‌ಗಳನ್ನು ಹಲವರು ಅನುಮಾನದಿಂದ ನೋಡುತ್ತಿದ್ದಾಗ ಬಾಯ್ತುಂಬ ಹೊಗಳಿ, ಆ ಮಾತು ನಿಜವಾದ ಮೇಲೆ ಅವರ ಅಂಕಕ್ಕೆ ಮಾರುಕಟ್ಟೆಯ ಬೆಲೆಯನ್ನೇ ಏರಿಳಿಸುವ ಶಕ್ತಿ ಬಂತು. ಮಾಗಿದ ಹಣ್ಣಿನ ತುಂಬು ರುಚಿ ಅವರಿಗೆ ಪ್ರಿಯ. ಇಲ್ಲಿನ ಪೊಮೆರೋಲ್‌ನ ಮಿಶೆಲ್ ರೋಲಾಂ ವೈನ್ ತಯಾರಿಕೆಯಲ್ಲಿ ಎತ್ತಿಹಿಡಿದದ್ದೂ ಅಂಥದೇ ಮಾಗಿದ ಶೈಲಿ. ಇದೇ ರೋಲಾಂ ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟಕ್ಕೂ ಸಲಹೆಗಾರರಾಗಿದ್ದರು ಎಂದಾಗ ಇಲ್ಲಿನವರು ಕಿವಿ ನಿಮಿರಿಸಿದರು, ನನಗೆ ಹೆಮ್ಮೆಯೆನಿಸಿತು.

ಇಪ್ಪತ್ತೊಂದು ವರ್ಷದ ಆ ಪಾವಿಯಲ್ಲಿ ಖರ್ಜೂರ, ಒಣ ಅಂಜೂರ, ಚಾಕೊಲೇಟ್, ಗಂಟಲಿನಲ್ಲಿ ಆಲ್ಕೋಹಾಲಿನ ಬಿಸುಪು. ನಾನು ಬರೆದುಕೊಂಡದ್ದು ಇಷ್ಟು. ಲಕೋಟೆ ತೆರೆದು ಇಬ್ಬರ ಅಭಿಪ್ರಾಯದ ಜೊತೆ ಹೋಲಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು: ಗ್ಲಾಸಿನಲ್ಲಿ ಏನಿದೆ ಎಂಬ ಬಗ್ಗೆ ಅವರಲ್ಲಿ ಜಗಳವೇ ಇಲ್ಲ. ಬಹಳ ಮಾಗಿದ, ದಟ್ಟವಾದ, ಭಾರಿ ಮೈಕಟ್ಟಿನ ವೈನ್ ಎಂಬುದು ಇಬ್ಬರಿಗೂ ಕಂಡಿದೆ. ಒಬ್ಬರಿಗೆ ಅದು ವೈಭವ. ಇನ್ನೊಬ್ಬರಿಗೆ ಸೇಂಟ್ ಎಮಿಲಿಯೊನ್ ಹೀಗಿರಬಾರದು, ಇದು ಪೋರ್ಚುಗಲ್ಲಿನ ಸಿಹಿಯಾದ, ಗಡುಸಾದ ಪೋರ್ಟ್ ವೈನಿನ ದಾರಿ ಹಿಡಿದಿದೆ. ಜಗಳ ಇರುವುದು ಬೋರ್ಡೋ ಹೇಗಿರಬೇಕು ಎಂಬಲ್ಲಿ. 95 ಮತ್ತು 12 ಎಂಬ ಎರಡು ಅಂಕಿಗಳು ಈ ಒಪ್ಪಿಗೆಯನ್ನು ಮುಚ್ಚಿಹಾಕಿ ಭಿನ್ನಮತವನ್ನಷ್ಟೇ ತೋರಿಸುತ್ತವೆ. ಎರಡನ್ನೂ ಒಂದೇ ಮಾಪಕಕ್ಕಿಳಿಸಿ ಸರಾಸರಿ ತೆಗೆಯುವುದಂತೂ ಅನ್ಯಾಯ: ಬರುವ ಅಂಕ ಇಬ್ಬರಲ್ಲಿ ಯಾರ ಮಾತೂ ಅಲ್ಲ, ಮಧ್ಯಮ ದರ್ಜೆಯ ವೈನ್ ಎಂಬ ಸುಳ್ಳನ್ನು ಹೇಳುತ್ತದೆ. ಮಾಪಕಗಳೂ ಅಳತೆಯಲ್ಲಿ ಒಂದಾಗುವುದಿಲ್ಲ. ಪಾರ್ಕರ್ ಲೆಕ್ಕ ಶುರುವಾಗುವುದೇ 50ರಿಂದ. ರಾಬಿನ್ಸನ್ ಕೊಡುವ 17 ದೊಡ್ಡ ಮೆಚ್ಚುಗೆ. ಅದನ್ನು ಐದರಿಂದ ಗುಣಿಸಿ 85 ಎಂದುಕೊಂಡವರಿಗೆ ಆ ಮೆಚ್ಚುಗೆ ತಲುಪುವುದೇ ಇಲ್ಲ.

ಒಬ್ಬರೇ ರುಚಿ ನೋಡಿದರೂ ಅಂಕ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ಸಂಶೋಧಕ ರಾಬರ್ಟ್ ಹಾಡ್ಸನ್ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು, ಅವರಿಗೆ ತಿಳಿಯದಂತೆ, ಮೂರು ಸಲ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬ ತೀರ್ಪುಗಾರ ಮಾತ್ರ ಮೂರು ಸಲವೂ ಒಂದೇ ದರ್ಜೆಯ ಆಸುಪಾಸಿನಲ್ಲಿ ಉಳಿದ. ಹಳೆಯ ವೈನಿನಲ್ಲಿ ಇದರ ಮೇಲೆ ಬಾಟಲಿಯಿಂದ ಬಾಟಲಿಗೆ ಇರುವ ವ್ಯತ್ಯಾಸವೂ ಸೇರುತ್ತದೆ. ಬಿರಡೆ ಎಷ್ಟು ಗಾಳಿ ಬಿಟ್ಟಿತು, ಪೆಟ್ಟಿಗೆ ತಣ್ಣನೆಯ ನೆಲಮಾಳಿಗೆಯಲ್ಲಿತ್ತೋ ಬೇಸಿಗೆಯ ಗೋದಾಮಿನಲ್ಲಿತ್ತೋ, ಯಾವುದೂ ಅಂಕಪಟ್ಟಿಯಲ್ಲಿ ಬರೆದಿರುವುದಿಲ್ಲ.

ನನ್ನ ಮನಸ್ಸು ಗೆದ್ದದ್ದು ಬಾರ್ತೊನ್. ಐರ್ಲೆಂಡ್ ಮೂಲದ ಬಾರ್ತೊನ್ ಕುಟುಂಬ 1826ರಿಂದ ಈ ತೋಟ ನೋಡಿಕೊಂಡು ಬಂದಿದೆ. ಬೋರ್ಡೋ ವೈನ್‌ಗಳ 1855ರ ವರ್ಗೀಕರಣದಲ್ಲಿ ಎರಡನೆಯ ದರ್ಜೆ ಪಡೆದಿದ್ದರೂ, ಹೆಸರಿನಲ್ಲಿ ಶಾತೋ ಇದ್ದರೂ ಇದಕ್ಕೆ ಸ್ವಂತ ಶಾತೋ, ಅಂದರೆ ತೋಟದ ಬಂಗಲೆ, ಇಲ್ಲ; ವೈನ್ ತಯಾರಾಗುವುದು ಅವರದೇ ಇನ್ನೊಂದು ತೋಟವಾದ ಲಾಂಗೋವಾದಲ್ಲಿ. 1996 ಎಡದಂಡೆಯ ಕ್ಯಾಬರ್ನೆಗೆ ಒದಗಿಬಂದ ವರ್ಷ. ಪೆನ್ಸಿಲ್ ಕೆತ್ತಿದಾಗಿನ ವಾಸನೆ, ಒಣ ಹೊಗೆಸೊಪ್ಪು, ಸ್ವಲ್ಪ ಹಸಿ ಅಣಬೆ. ಒಗರು ಇನ್ನೂ ಇದೆ, ಆದರೆ ಹದವಾಗಿ ಪಳಗಿದ ಚಹಾದ ಒಗರಿನಂತೆ. ಹೊತ್ತು ಹೋದಂತೆ ಗ್ಲಾಸಿನಲ್ಲೇ ಇನ್ನಷ್ಟು ತೆರೆದುಕೊಂಡಿತು. ಮೊಂತ್ರೋಜ್‌ನ 100ರ ಮುಂದೆ ಇದರ ಅಂಕಗಳು ಲಕೋಟೆಯಲ್ಲಿ ಸದ್ದಿಲ್ಲದೆ ಕುಳಿತಿದ್ದವು. ಊಟದ ಜೊತೆ ಎಲ್ಲಕ್ಕಿಂತ ಮೊದಲು ಖಾಲಿಯಾದ ಹೂಜಿ ಇದರದು.

ಮುಂದಿನ ಸಲಕ್ಕೆ ಆತಿಥೇಯರು ಒಂದೇ ಪೆಟ್ಟಿಗೆಯ ಎರಡು ಬಾಟಲಿ ತೆರೆಯೋಣ ಎಂದಿದ್ದಾರೆ: ಒಂದರಲ್ಲಿ ವೈನ್ ಕುತ್ತಿಗೆಯವರೆಗೆ ತುಂಬಿದೆ, ಇನ್ನೊಂದರಲ್ಲಿ ಭುಜದ ಮಟ್ಟಕ್ಕೆ ಇಳಿದಿದೆ. ಆ ಸಲ ಲಕೋಟೆಯಲ್ಲಿ ಅಂಕಗಳ ಬದಲು ವಿಮರ್ಶಕರ ವಿವರಣೆಗಳನ್ನಷ್ಟೇ ಇಡಬೇಕೆಂದು ಕೇಳಿದೆ. ಒಪ್ಪಿಕೊಂಡರು.