ಆಕಾಶದ ನಡುವಿನ ಬಣ್ಣ

ಡಿಸೆಂಬರ್‌ನಲ್ಲಿ ನಮ್ಮೂರ ದೇವಸ್ಥಾನದ ಬಯಲಲ್ಲಿ ಹರಕೆ ಆಟ ಇತ್ತು. ಯಕ್ಷಗಾನಕ್ಕೆ ನಮ್ಮ ಕಡೆ ಆಟ ಅಂತಲೇ ಹೇಳುವುದು. ತೀರ್ಥಹಳ್ಳಿಯಲ್ಲಿ ಒಂದು ಫ್ಲೆಕ್ಸ್ ಪ್ರಿಂಟ್ ಮಾಡಿಸೋಣ ಅಂತಾಯಿತು. 6 ಅಡಿ ಅಗಲ, 4 ಅಡಿ ಎತ್ತರ. ಡಿಸೈನ್ ಕೆಲಸ ನನ್ನ ಪಾಲಿಗೆ ಬಂತು. ವೇಷದ ಒಳ್ಳೆ ಫೋಟೋ ಒಂದಿತ್ತು. ಅದರ ಹಿಂದೆ ಸಂಜೆಯ ಆಕಾಶ ಬೇಕು ಅಂತ ನನ್ನ ಆಸೆ. ಕೆಳಗೆ ಕಿತ್ತಳೆ, ಮೇಲಕ್ಕೆ ಹೋಗ್ತಾ ಹೋಗ್ತಾ ಕಡು ನೀಲಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಲಾವಿದರು ಬಣ್ಣ ಹಚ್ಚಿಕೊಳ್ಳಲು ಕೂರುವ ಹೊತ್ತಿನ ಆಕಾಶ ಅದೇ ಅಲ್ವಾ.

ನನ್ನ ಲ್ಯಾಪ್‌ಟಾಪಿನಲ್ಲಿ ಪೇಂಟ್ ಡಾಟ್ ನೆಟ್‌ನ ಹಳೇ ಆವೃತ್ತಿ ಇದೆ. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ, ಚಿತ್ರ ತಿದ್ದುವ ಪ್ರೋಗ್ರಾಂ ಇದು. ಹಗುರವಾಗಿದೆ, ನನಗೆ ತುಂಬಾ ಇಷ್ಟ. ಕೀಬೋರ್ಡಿನಲ್ಲಿ ಜಿ ಒತ್ತಿದರೆ, ಒಂದು ಬಣ್ಣವನ್ನು ಇನ್ನೊಂದರೊಳಗೆ ನಿಧಾನಕ್ಕೆ ಕರಗಿಸುವ ಗ್ರೇಡಿಯೆಂಟ್ ಟೂಲ್ ಬರುತ್ತದೆ. ಎರಡು ಬಣ್ಣ ಆರಿಸಿಕೊಂಡು ಮೌಸ್ ಒತ್ತಿ ಹಿಡಿದು ಎಳೆದರೆ ಆಯಿತು. ಚಿಕ್ಕದಾಗಿ ಎಳೆದರೆ ಬಣ್ಣ ಥಟ್ಟನೆ ಬದಲಾಗುತ್ತದೆ, ಉದ್ದಕ್ಕೆ ಎಳೆದರೆ ನಿಧಾನಕ್ಕೆ. ಶಿಫ್ಟ್ ಒತ್ತಿಕೊಂಡರೆ ನೇರಕ್ಕೆ ಎಳೆಯಬಹುದು.

ಕೆಳಗಿಂದ ಮೇಲಕ್ಕೆ ಎಳೆದೆ. ತುದಿ ಎರಡೂ ಚೆಂದ ಬಂದವು. ನಡುವೆ ಮಾತ್ರ ಏನೋ ಕೊಳೆ ಕೂತ ಹಾಗೆ. ಅಪ್ಪಯ್ಯ ಹಿಂದಿನಿಂದ ಬಗ್ಗಿ ನೋಡಿದರು.

"ಇದೆಂತ ಮಾರಾಯ್ತಿ, ಆಕಾಶದಲ್ಲಿ ಮಳೆಗಾಲದ ತುಂಗೆ ಹೊಳೆ ಹರಿತಾ ಇದೆಯಲ್ಲ!"

ನಿಜ. ಆಷಾಢದಲ್ಲಿ ಕೆಮ್ಮಣ್ಣು ಹೊತ್ತು ಬರುವ ನೀರಿನ ಬಣ್ಣವೇ. ಹೀಗ್ಯಾಕೆ ಅಂತ ಅಂಕಿ ಬರೆದು ನೋಡಿದೆ. ಕಂಪ್ಯೂಟರಿಗೆ ಬಣ್ಣ ಅಂದರೆ ಕೆಂಪು, ಹಸಿರು, ನೀಲಿ, ಮೂರು ಅಂಕಿ, ಪ್ರತಿಯೊಂದೂ 0ಯಿಂದ 255ರವರೆಗೆ. ನನ್ನ ಕಿತ್ತಳೆ 255, 150, 40. ನನ್ನ ನೀಲಿ 25, 55, 120. ಸರೀ ನಡುವೆ ಅದು ಸುಮ್ನೆ ಸರಾಸರಿ ಹಾಕುತ್ತದೆ: 140, 102, 80. ಅಂದರೆ ಮಂಕು ಕಂದು. ತಪ್ಪು ಪ್ರೋಗ್ರಾಮಿನದ್ದಲ್ಲ. ಆಕಾಶ ಎರಡೇ ಬಣ್ಣದ್ದು ಅಂತ ನಾನು ಅಂದುಕೊಂಡಿದ್ದೆ.

ಮಾರನೇ ದಿನ ಸಂಜೆ ತಮ್ಮನ ಬೈಕ್ ಹತ್ತಿ ಆಗುಂಬೆಗೆ ಹೋದೆ. ಎಷ್ಟು ಸಲ ಹೋಗಿದ್ದೇನೋ, ಬಣ್ಣ ಎಣಿಸಲಿಕ್ಕೆ ಅಂತ ಹೋದದ್ದು ಅದೇ ಮೊದಲು. ಮೋಡ ಇರಲಿಲ್ಲ. ಘಟ್ಟದ ಕೆಳಗೆ ದೂರದಲ್ಲಿ ಸಮುದ್ರ ತಗಡಿನ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ಸೂರ್ಯ ಮುಳುಗಿದ ತಕ್ಷಣ ಎದ್ದು ಹೊರಟರು. ನನಗೆ ಬೇಕಾದ್ದು ಆಮೇಲೆಯೇ ಶುರುವಾಯಿತು. ಸಂಜೆ ಬಿಸಿಲು ಗಾಳಿಯಲ್ಲಿ ಬಹಳ ದೂರ ಹಾದು ಬರುವುದರಿಂದ ನೀಲಿ ದಾರಿಯಲ್ಲೇ ಚದುರಿಹೋಗಿ ಕೆಂಪು, ಹಳದಿ ಉಳಿಯುತ್ತವೆ. ಅದು ಓದಿದ್ದು ಗೊತ್ತಿತ್ತು. ಆದರೆ ಅವುಗಳ ನಡುವೆ ಏನಿದೆ ಅಂತ ಕಣ್ಣಿಟ್ಟು ನೋಡಿರಲಿಲ್ಲ. ಬಸ್ ಟಿಕೆಟ್ಟಿನ ಹಿಂದೆ ಕೆಳಗಿಂದ ಮೇಲಕ್ಕೆ ಬರೆದುಕೊಂಡೆ: ಕೆಂಡ, ಹಣ್ಣಡಿಕೆ, ಅರಿಶಿನ, ಮಜ್ಜಿಗೆ, ತಿಳಿ ನೀಲಿ, ಶಂಖಪುಷ್ಪ.

ಮಜ್ಜಿಗೆ ನೋಡಿ! ಕಿತ್ತಳೆಗೂ ನೀಲಿಗೂ ನಡುವೆ ಆಕಾಶ ಕಪ್ಪಾಗುವುದಿಲ್ಲ, ಬೆಳ್ಳಗಾಗುತ್ತದೆ. ನನ್ನ ಚಿತ್ರದಲ್ಲಿ ಕೆಸರು ಇದ್ದ ಜಾಗದಲ್ಲೇ ನಿಜವಾದ ಆಕಾಶದಲ್ಲಿ ಬೆಳಕು ಜಾಸ್ತಿ.

ರಾತ್ರಿ ಮತ್ತೆ ಕೂತೆ. ಈ ಟೂಲ್ ಒಂದು ಸಲಕ್ಕೆ ಎರಡೇ ಬಣ್ಣ ತಗೊಳ್ಳುತ್ತದೆ. ಹಾಗಾಗಿ ಕ್ಯಾನ್ವಾಸನ್ನು ಪಟ್ಟಿ ಪಟ್ಟಿಯಾಗಿ ಸೆಲೆಕ್ಟ್ ಮಾಡಿ, ಕೆಂಡದಿಂದ ಹಣ್ಣಡಿಕೆಗೆ, ಅಲ್ಲಿಂದ ಅರಿಶಿನಕ್ಕೆ, ಅರಿಶಿನದಿಂದ ಮಜ್ಜಿಗೆಗೆ, ಹೀಗೆ ಒಂದೊಂದಾಗಿ ಎಳೆದೆ. ಒಂದು ಪಟ್ಟಿ ಮುಗಿಯುವ ಬಣ್ಣ, ಮುಂದಿನದು ಶುರುವಾಗುವ ಬಣ್ಣ, ಎರಡರ ಅಂಕಿಯೂ ಒಂದೇ ಇರಬೇಕು. ಕಣ್ಣಂದಾಜು ನಡೆಯುವುದಿಲ್ಲ. ಒಂದು ಕಡೆ 205ರ ಬದಲು 215 ಹಾಕಿದ್ದೆ, ಕೂದಲೆಳೆಯಂಥ ಗೆರೆ ಅಡ್ಡಕ್ಕೆ ಕಂಡೇ ಬಿಟ್ಟಿತು.

ಮೇಲಿನ ನೀಲಿಯದು ಬೇರೆ ತಕರಾರು. ಅಲ್ಲಿ ನೀಲಿಯ ಅಂಕಿ 120ರಿಂದ 70ಕ್ಕೆ ಇಳಿಯುತ್ತದೆ, ಅಂದರೆ 50 ಮೆಟ್ಟಿಲು. ಅಷ್ಟನ್ನೇ 2 ಅಡಿಗೆ ಹಂಚಿದರೆ ಒಂದೊಂದು ಮೆಟ್ಟಿಲು ಹತ್ತಿರ ಹತ್ತಿರ ಅರ್ಧ ಇಂಚು. ಜೂಮ್ ಮಾಡಿದರೆ ಅಡಿಕೆ ಹಾಳೆಯ ಮೇಲಿನ ಗೆರೆಗಳ ಹಾಗೆ ಪಟ್ಟೆ ಕಾಣುತ್ತಿತ್ತು. ಅದಕ್ಕೆ ಸಣ್ಣ ಸಣ್ಣ ಚುಕ್ಕಿ ಎರಚುವ ಆಡ್ ನಾಯ್ಸ್ ಅನ್ನೋ ಎಫೆಕ್ಟನ್ನು ಚೂರೇ ಚೂರು ಹಾಕಿದೆ, ಬಣ್ಣದ ಚುಕ್ಕಿ ಬಾರದ ಹಾಗೆ ಸ್ಯಾಚುರೇಶನ್ ಸೊನ್ನೆಗಿಟ್ಟು. ಸಣ್ಣ ಹಿಟ್ಟು ಉದುರಿಸಿದಂತೆ ಆಗಿ ಪಟ್ಟೆಗಳು ಕರಗಿದವು.

ಫ್ಲೆಕ್ಸ್ ಬಂತು. ಕಿತ್ತಳೆ ಸ್ಕ್ರೀನಿನಲ್ಲಿ ಕಂಡಷ್ಟು ಉರಿಯಲಿಲ್ಲ. ಬೆಳಕಿನ ಬಣ್ಣ ಇಂಕಿನಲ್ಲಿ ಪೂರ್ತಿ ಸಿಗುವುದಿಲ್ಲವಲ್ಲ. ಆದರೆ ಕಿರೀಟದ ಹಿಂದೆ ಆ ಮಜ್ಜಿಗೆ ಬೆಳಕು ಹಾಗೇ ಇತ್ತು. ದೇವಸ್ಥಾನದ ಕಟ್ಟೆ ಹತ್ತಿರ ಕಟ್ಟಿದಾಗ ಅಪ್ಪಯ್ಯ ಕೈ ಹಿಂದೆ ಕಟ್ಟಿಕೊಂಡು ತುಂಬಾ ಹೊತ್ತು ನೋಡುತ್ತಾ ನಿಂತರು.

"ಹೊಳೆ ಎಲ್ಲಿ ಹೋಯ್ತೇ?"

"ಇಳೀತು, ಅಪ್ಪಯ್ಯ."