ನಿಮ್ಮ ನಿಮ್ಮಲ್ಲೇ ಯಾಕೆ ಜಗಳ ಎಂದು ಕೇಳುವವರಿಗೆ

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಘಟ್ಟದ ಮೇಲಿನ ಊರುಗಳಿಗೆ ಅಡುಗೆ ಅನಿಲ ಸಾಗಿಸುವ ಬುಲೆಟ್ ಟ್ಯಾಂಕರ್ ಓಡಿಸುವವನು ನಾನು. ಇದು ಗೊತ್ತಾದ ಕೂಡಲೇ, ಮದುವೆಮನೆಯ ಪಂಕ್ತಿಯಲ್ಲಾಗಲಿ ಬ್ಯಾಂಕಿನ ಸಾಲಿನಲ್ಲಾಗಲಿ, ಜನ ಕೇಳುವ ಪ್ರಶ್ನೆ ಒಂದೇ: ‘ಟ್ಯಾಂಕರ್‌ನವರು, ಟಿಪ್ಪರ್‌ನವರು, ಮೀನು ಲಾರಿಯವರು ಒಬ್ಬರನ್ನೊಬ್ಬರು ಹಾಗೆ ಬೈದುಕೊಳ್ಳುತ್ತೀರಲ್ಲ, ನಿಮ್ಮ ನಿಮ್ಮಲ್ಲೇ ಯಾಕೆ ಜಗಳ?’ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಜಗಳ ಇಲ್ಲ. ಇದ್ದಿದ್ದರೂ ಅದನ್ನು ಬಿಡಿಸಲು ನಿಮ್ಮನ್ನು ಕರೆಯುತ್ತಿರಲಿಲ್ಲ.

ಕೇಳುವವರ ದನಿಯಲ್ಲಿ ಒಂದು ಮರುಕವಿರುತ್ತದೆ, ನನಗೆ ಸಿಟ್ಟು ಬರುವುದು ಅದಕ್ಕೇ. ಇಬ್ಬರು ವಕೀಲರು ದಿನವಿಡೀ ಕೋರ್ಟಿನಲ್ಲಿ ಕಾದಾಡಿ ಸಂಜೆ ಒಂದೇ ಕಾರಿನಲ್ಲಿ ಮನೆಗೆ ಹೋದರೆ ಅದು ವೃತ್ತಿಧರ್ಮ. ನಾವು ಗುಂಡ್ಯದ ಹೋಟೆಲಿನಲ್ಲಿ ಎದುರುಬದುರು ಕುಳಿತು ಬೈದುಕೊಂಡರೆ ಅದು ವಿದ್ಯೆಯಿಲ್ಲದವರ ಕಚ್ಚಾಟ.

ಒಮ್ಮೆ ಆ ಗುಂಡ್ಯದಲ್ಲೇ, ಮಲ್ಪೆಯಿಂದ ಬೆಂಗಳೂರಿಗೆ ಹೊರಟಿದ್ದ ಮೀನು ಲಾರಿಯ ಡ್ರೈವರೊಬ್ಬ ನನ್ನನ್ನು ಕಂಡು, ‘ಬಾಂಬಿನವನು ಬಂದ, ಬೀಡಿ ನಂದಿಸಿ ಮಾರಾಯ್ರೆ’ ಎಂದು ಹೋಟೆಲಿಗೆಲ್ಲ ಕೇಳುವಂತೆ ಕೂಗಿದ. ‘ನೀನು ಮೊದಲು ನಲ್ಲಿ ಬಿಗಿ ಮಾಡಿಕೊಂಡು ಬಾ’ ಎಂದೆ ನಾನು. ಐಸು ಕರಗಿದ ನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ಲಾರಿಗಳಿಗೆ ನಾವಿಟ್ಟ ಹೆಸರು ನಲ್ಲಿ. ಮಾತು ಅಲ್ಲಿಂದ ಇಬ್ಬರ ಮನೆತನಗಳವರೆಗೂ ಹೋಯಿತು. ಪಕ್ಕದ ಮೇಜಿನಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದ ಕುಟುಂಬವೊಂದು ಕಾಫಿ ಕುಡಿಯುತ್ತಿತ್ತು. ಆ ಮನೆಯ ಯಜಮಾನರು ಎದ್ದು ಬಂದು ನಮ್ಮಿಬ್ಬರ ಹೆಗಲ ಮೇಲೂ ಕೈಯಿಟ್ಟು, ‘ಇಬ್ಬರೂ ದುಡಿದು ತಿನ್ನುವವರು, ಹೊಂದಿಕೊಂಡು ಹೋಗಬೇಕಪ್ಪ’ ಎಂದರು. ಮೀನಿನವನು ಕೈ ಮುಗಿದು, ‘ಆಯಿತು ಸ್ವಾಮಿ. ಈಗ ನೀವು ಇವನ ಟ್ಯಾಂಕರಿಗೆ ಅಡ್ಡ ನಿಲ್ಲಿಸಿದ ನಿಮ್ಮ ಕಾರು ತೆಗೆಯಿರಿ’ ಎಂದ. ಅವರ ಹೆಂಡತಿ ನಕ್ಕರು, ಅವರು ನಗಲಿಲ್ಲ.

ಒಬ್ಬೊಬ್ಬ ಡ್ರೈವರನ ಅಡ್ಡಹೆಸರೂ ಅವನು ಹೊತ್ತ ಲೋಡಿನಿಂದಲೇ ಬರುತ್ತದೆ. ಬುಲೆಟ್‌ನವನಾದ ನಾನು ಉಳಿದವರ ಬಾಯಲ್ಲಿ ‘ಮದುಮಗ’. ಟ್ಯಾಂಕರ್‌ಗಳಿಗೆ ಕಾನೂನು ಇಟ್ಟಿರುವ ವೇಗದ ಮಿತಿ ಗಂಟೆಗೆ 60 ಕಿ.ಮೀ., ಮೀನು ಲಾರಿಯಂಥ ಸಾಮಾನ್ಯ ಸರಕು ವಾಹನಗಳಿಗೆ 80. ಡಂಪರ್‌ಗಳಿಗೂ 60 ಎಂದೇ ಬರೆದಿದೆ. ಕ್ರಷರಿನಿಂದ ಜಲ್ಲಿ ಹೊರುವ ಟಿಪ್ಪರ್‌ನವರು ಅದನ್ನು ಎಂದಾದರೂ ಓದಿದ್ದಾರೆಯೇ ಎಂದು ಅವರನ್ನೇ ಕೇಳಿ. ನನ್ನ ಮೈಮೇಲೆ ಬೋರ್ಡುಗಳೂ ಹೆಚ್ಚು: ಒಳಗಿರುವುದು ಎಲ್‌ಪಿಜಿ ಎಂದು ತಿಳಿಸುವ 1075 ಸಂಖ್ಯೆಯ ಫಲಕ, ತುರ್ತು ದೂರವಾಣಿ, ಎಚ್ಚರಿಕೆಯ ಚಿತ್ರಗಳು. ಉಳಿದ ಲಾರಿಯವರು ಗಾಡಿಯ ನೆರಳಿನಲ್ಲೇ ಸ್ಟವ್ ಹಚ್ಚಿ ಅನ್ನ, ಮೀನು ಸಾರು ಮಾಡಿಕೊಳ್ಳುವಾಗ, ಊರಿಗೆಲ್ಲ ಗ್ಯಾಸ್ ಹೊರುವ ನಾನು ನನ್ನ ಗಾಡಿಯ ಬಳಿ ಕಡ್ಡಿ ಗೀರುವಂತಿಲ್ಲ. ನಿಧಾನವಾಗಿ ಬರುತ್ತಾನೆ, ಅಲಂಕಾರ ಜಾಸ್ತಿ, ಊಟವನ್ನು ಬೇರೆಯವರೇ ಬಡಿಸಬೇಕು. ಮದುಮಗ ಎನ್ನದೆ ಇನ್ನೇನೆಂದಾರು?

ಟಿಪ್ಪರ್‌ನವನಿಗೆ ದುಡ್ಡು ಟ್ರಿಪ್ಪಿನ ಲೆಕ್ಕದಲ್ಲಿ, ಆದ್ದರಿಂದ ಅವನ ಓಟ ಹಾಗೆ. ಆದರೆ ಅವನು ರಾತ್ರಿ ಮನೆಯಲ್ಲಿ ಮಲಗುತ್ತಾನೆ, ನಮಗೆ ಹೊಟ್ಟೆಯುರಿ ಅಲ್ಲಿ. ಅವನಿಗೆ ‘ಮನೆಯಳಿಯ’ ಎನ್ನುತ್ತೇವೆ. ಅವನು ತಿರುಗಿ ಕೊಡುವ ಏಟು ಮಾತ್ರ ನಾಟುತ್ತದೆ: ‘ಹಾಸನಕ್ಕೆ, ಮೈಸೂರಿಗೆ, ಸೋಲೂರಿಗೆ ಪೈಪಿನಲ್ಲೇ ಗ್ಯಾಸ್ ಹೋಗುತ್ತದಂತಲ್ಲ ಅಣ್ಣ, ನಿನ್ನದಿನ್ನು ಎಷ್ಟು ದಿನ?’ ಕೊಳವೆ ಮಾರ್ಗ ಬಂದಿರುವುದು ನಿಜ, ಹಾಗಾಗಿ ನಾನು ಅವನ ಚಾಲನೆಯ ಬಗ್ಗೆ ಮಾತು ತಿರುಗಿಸುತ್ತೇನೆ.

‘ಬಾಂಬು’ ಎಂಬುದಕ್ಕೂ ಒಂದು ಮಿತಿಯಿದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ, ರಸ್ತೆ ಬದಿಯ ಮನೆಗಳೂ ಉರಿದು ಜನ ಸತ್ತರು. ಆ ಊರಿನ ಹೆಸರು ಮಾತಿನಲ್ಲಿ ಬಂದರೆ ಮೀನಿನವನಾಗಲಿ ಟಿಪ್ಪರ್‌ನವನಾಗಲಿ ಆ ತಮಾಷೆ ಎತ್ತುವುದಿಲ್ಲ. ಮದುವೆಮನೆಯಲ್ಲಿ ಪಾಯಸ ಬಡಿಸಿಕೊಳ್ಳುತ್ತ ‘ಬಾಂಬಿನ ಮೇಲೆ ಕೂತಂತಲ್ಲವೇ?’ ಎಂದು ಕೇಳುವವರಿಗೆ ಈ ಮಿತಿ ಗೊತ್ತಿರುವುದಿಲ್ಲ.

ಇನ್ನು ದ್ವೇಷದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮೀನು ಲಾರಿಯವರಲ್ಲಿ ಕೆಲವರು ಬೇರೆ ಗಾಡಿಗಳಿಗೆ ಬದಲಿ ಡ್ರೈವರ್‌ಗಳಾಗಿ ಹೋಗುತ್ತಾರೆ. ಬುಲೆಟ್‌ಗೆ ಹಾಗೆ ಬರುವಂತಿಲ್ಲ; ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದರ ನಮೂದು ಮಾಡಿಸಿರಬೇಕು. ನನಗೆ ‘ಬಾಂಬು’ ಎನ್ನುತ್ತಿದ್ದವನೇ ಮಳೆಗಾಲದಲ್ಲಿ ಟಿಪ್ಪರ್ ಸೀಟಿನಲ್ಲಿ ಕುಳಿತು ‘ಮದುಮಗ, ದಾರಿ ಬಿಡು’ ಎಂದು ಹಾರ್ನ್ ಹೊಡೆಯುತ್ತಾನೆ. ಆಗಸ್ಟ್‌ನಲ್ಲಿ ಮೀನಿಗೆ ಮರಳಿದ ಮೇಲೆ ಅವನಿಗೆ ಟಿಪ್ಪರ್‌ನವರೆಲ್ಲ ಕಣ್ಣು ಕಾಣದವರು. ಯಾವ ಸೀಟೋ ಆ ಬಾಯಿ. ನಾಮಕ್ಕಲ್‌ನಿಂದ ಬರುವ ಟಿಎನ್ 28, ಟಿಎನ್ 88 ನಂಬರಿನ ಬುಲೆಟ್‌ಗಳ ಡ್ರೈವರ್‌ಗಳು ತಮಿಳಿನಲ್ಲಿ, ನಾವು ತುಳುವಿನಲ್ಲಿ ಬೈದರೂ ವ್ಯವಹಾರ ಎಲ್ಲೂ ನಿಂತಿಲ್ಲ.

ನಿಜವಾಗಿ ಕೇಳಬೇಕಾದದ್ದು ಬೇರೆ ಇದೆ: ಯಾರು ಎಷ್ಟು ಹೊತ್ತು ಕಾಯುತ್ತೀರಿ? ಓಡುವಾಗ ನಮ್ಮನ್ನು ಎಲ್ಲರೂ ನೋಡುತ್ತಾರೆ, ನಿಂತಾಗ ಯಾರೂ ನೋಡುವುದಿಲ್ಲ. ಪ್ಲಾಂಟಿನ ಹೊರಗೆ ಸಾಲು, ಗೇಟಿನಲ್ಲಿ ತಪಾಸಣೆ, ತೂಕ, ತುಂಬಲು ಸರದಿ, ಮತ್ತೆ ತೂಕ. ಆಮೇಲೆ ಇಳಿಸುವ ಊರಿನಲ್ಲಿ ಇದೇ ಇನ್ನೊಮ್ಮೆ. ತುಂಬಿದ ಬುಲೆಟ್ಟನ್ನು ಬಿಟ್ಟು ದೂರ ಹೋಗುವಂತಿಲ್ಲ, ಆದ್ದರಿಂದ ಮಧ್ಯೆ ರಜೆ ಬಿದ್ದರೆ ಗಾಡಿಯ ಪಕ್ಕದಲ್ಲೇ ಆ ರಜೆಯೂ ಕಳೆಯಬೇಕು. ನಿಂತ ದಿನಕ್ಕೂ ಬತ್ತಾ ಕೊಡುವ ಮಾಲೀಕರಿದ್ದಾರೆ. ‘ಓಡದ ಗಾಡಿಗೆ ಎಂಥ ಬತ್ತಾ?’ ಎನ್ನುವವರೂ ಇದ್ದಾರೆ. ಟಿಪ್ಪರ್‌ನವನು ಕ್ರಷರಿನಲ್ಲಿ ಕಾದಷ್ಟು ಹೊತ್ತು ಅವನ ಒಂದು ಟ್ರಿಪ್ಪು ಹೋಯಿತು. ರಸ್ತೆಯಲ್ಲಿ ಅವನು ತೋರುವ ಅವಸರ ಆ ಸಾಲಿನಲ್ಲಿ ಹುಟ್ಟಿದ್ದು. ಮೀನಿನವನು ದಕ್ಕೆಯಲ್ಲಿ ಬೋಟು ಬರುವವರೆಗೆ ಕಾದು, ಬೆಳಗಾಗುವುದರೊಳಗೆ ಮಾರುಕಟ್ಟೆ ಮುಟ್ಟದಿದ್ದರೆ ಬೈಸಿಕೊಳ್ಳಬೇಕು.

ಈ ಲೆಕ್ಕದಲ್ಲಿ ನಮ್ಮೆಲ್ಲರನ್ನೂ ಮೀರಿಸುವವನು ಪಣಂಬೂರಿನ ಬಂದರಿಗೆ ಕಾಫಿ, ಗೋಡಂಬಿಯ ಕಂಟೇನರ್ ತರುವ ಟ್ರೇಲರ್‌ನವನು. ಕಾಗದಪತ್ರ ಒಂದು ಕಡೆ ತಪ್ಪಿದರೆ ಅವನು ಕ್ಯಾಬಿನ್ನಿನಲ್ಲೇ ಸಂಸಾರ ಹೂಡುತ್ತಾನೆ, ಕನ್ನಡಿಗೆ ಬಟ್ಟೆ ಒಣಹಾಕುತ್ತಾನೆ. ಅವನ ಬಳಿ ನಾನು ಇದನ್ನು ಒಪ್ಪಿಕೊಂಡಿಲ್ಲ. ಅವನೆದುರು ಅವನು ಈಗಲೂ ‘ಡಬ್ಬಾ’ ಮಾತ್ರ.