ಅಹ್ವಾಶ್ ರಾತ್ರಿ ನಾನು ಮಾಡಿದ ಅವಸರ

ಆ ಗ್ರೂಪ್‌ನ ಫೀಡ್‌ಬ್ಯಾಕ್ ಫಾರ್ಮ್‌ಗಳು ಇನ್ನೂ ನನ್ನ ಬೀರುವಿನಲ್ಲಿವೆ. 18 ಪ್ಯಾಕ್ಸ್, ಅಂದರೆ 18 ಪ್ರವಾಸಿಗರು. ಅಹ್ವಾಶ್ ಅಂದರೆ ಮೊರಾಕ್ಕೊದ ಬೆಟ್ಟದ ಹಳ್ಳಿಗಳ ಹಾಡು-ಕುಣಿತ. ಅಹ್ವಾಶ್ ಸಂಜೆಯ ಮುಂದೆ 16 ಜನ ಐದಕ್ಕೆ ಐದು ಹಾಕಿದ್ದಾರೆ. ಆಫೀಸಿನಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಆ ಕಾಲಂ ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಅವತ್ತು ರಾತ್ರಿ ನಿಜವಾಗಿ ಏನಾಯಿತು ಅಂತ ಆ ಫಾರ್ಮ್‌ಗಳಲ್ಲಿ ಎಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೂರ್ ಮ್ಯಾನೇಜರ್ ಆಗಿ ಒಂಬತ್ತು ವರ್ಷ ಆಯಿತು. ಮೊರಾಕ್ಕೊಗೆ ಅದು ಎರಡನೇ ಸಲ. ಮೊದಲ ಸಲ ಹೋಗಿದ್ದು ಕಾಸಾಬ್ಲಾಂಕಾ, ಫೆಜ್, ಮರಾಕೇಶ್ ಅಂತ ಮಾಮೂಲಿ ಸುತ್ತು. ಈ ಸಲ ಹೊಸ ಪ್ರಾಡಕ್ಟ್. ಬರೀ ಸಂಗೀತ, ಸಂಸ್ಕೃತಿ. ಮರಾಕೇಶ್‌ನಿಂದ ಹೈ ಅಟ್ಲಾಸ್ ಬೆಟ್ಟ ದಾಟಿ ಔನಿಲಾ ಕಣಿವೆ, ಅಲ್ಲಿಂದ ಐತ್ ಬೆನ್‌ಹದ್ದು, ದಾದೇಸ್, ತೋದ್ರಾ ಕಮರಿ, ಕೊನೆಗೆ ಮೆರ್ಜೂಗಾದ ಮರಳು. ಬ್ರೋಶರ್‌ನ ತಲೆಬರಹ 'ಬರ್ಬರ್ ಬೆಟ್ಟಗಳ ನಾದ'.

ಆ ತಲೆಬರಹದ ಬಗ್ಗೆ ಮೊದಲ ದಿನವೇ ಪ್ರಶ್ನೆ ಬಂತು. ನಮ್ಮ ಗ್ರೂಪ್‌ನಲ್ಲಿ ಮೈಸೂರಿನ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. 'ಏನಮ್ಮಾ, ಪೇಪರಿನಲ್ಲಿ ಬರ್ಬರ ಹತ್ಯೆ ಅಂತ ಬರೀತಾರಲ್ಲ, ಅದೇ ಬರ್ಬರವಾ ಇದು?' ಅಂದರು. ನಾನು ಇಲ್ಲ ಸಾರ್ ಅಂದುಬಿಟ್ಟೆ. ಬಸ್ಸಿನಲ್ಲಿ ಲೋಕಲ್ ಗೈಡ್‌ನ ಕೇಳಿದರೆ ಅವರು ಹೌದು, ಹೆಚ್ಚುಕಮ್ಮಿ ಅದೇ ಅಂದರು. ತಮ್ಮ ಭಾಷೆ ಬಾರದವರನ್ನು ಗ್ರೀಕರು ಕರೆಯುತ್ತಿದ್ದ ಹೆಸರಿನಿಂದ ಬಂದದ್ದು. 'ನಾವು ನಮ್ಮನ್ನು ಅಮಾಝಿಗ್ ಅಂತೀವಿ. ಸ್ವತಂತ್ರ ಜನ ಅಂತ ಅರ್ಥ ಹೇಳ್ತಾರೆ. ನಮ್ಮ ಭಾಷೆ ಸಂವಿಧಾನದಲ್ಲಿ ಅಧಿಕೃತ ಭಾಷೆ ಆಗಿದ್ದು 2011ರಲ್ಲಿ. ಅಷ್ಟು ಕಾಯಬೇಕಾಯ್ತು.' ಅವರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಆದರೂ ಅವತ್ತಿನಿಂದ ಮೈಕ್‌ನಲ್ಲಿ ನಾನು ಬರ್ಬರ್ ಅನ್ನುವ ಪದ ಬಳಸಲಿಲ್ಲ. ಅಷ್ಟು ಮಾಡಿದ ಮೇಲೆ ನಾನು ತುಂಬಾ ತಿಳಿದುಕೊಂಡೆ ಅನಿಸಿತ್ತು.

ಮೂರನೇ ದಿನ ಹೈ ಅಟ್ಲಾಸ್ ದಾಟುವ ಘಾಟಿ, ಟಿಝಿ ನ್ ಟಿಚ್ಕಾ ಪಾಸ್. 2,260 ಮೀಟರ್ ಎತ್ತರ, ತಿರುವಿನ ಮೇಲೆ ತಿರುವು. ರಸ್ತೆ ಕೆಲಸ ನಡೆಯುತ್ತಿತ್ತು, ಮುಂದೆ ಸಾಲು ಲಾರಿ. ಇಬ್ಬರಿಗೆ ವಾಂತಿ. 2023ರ ಸೆಪ್ಟೆಂಬರ್‌ನ ಭೂಕಂಪದಲ್ಲಿ ಬಿರುಕು ಬಿಟ್ಟ ಮಣ್ಣಿನ ಮನೆಗಳು ದಾರಿಯಲ್ಲಿ ಅಲ್ಲಲ್ಲಿ ಕಂಡವು. ಆ ಒಂದು ರಾತ್ರಿ 3,000ದಷ್ಟು ಜನ ಸತ್ತಿದ್ದರು. ಗೈಡ್ ಆ ಭಾಗದಲ್ಲಿ ಮೈಕ್ ಆಫ್ ಮಾಡಿ ಸುಮ್ಮನೆ ಕೂತರು.

ನಮ್ಮ ವೇಳಾಪಟ್ಟಿಯ ಶೀಟ್‌ನಲ್ಲಿ ಆಪ್ಸ್‌ನವರು, ಅಂದರೆ ಆಫೀಸಿನಲ್ಲಿ ಕೂತು ಟೂರ್ ಪ್ಲಾನ್ ಮಾಡುವವರು, ಬರೆದಿದ್ದು ಹೀಗೆ: 'ಅಹ್ವಾಶ್ ಶೋ 7.00–7.45. ಡಿನ್ನರ್ 8.00.' ನಾವು ಅಹ್ವಾಶ್ ನಡೆಯಬೇಕಿದ್ದ ಹಳ್ಳಿ ಮುಟ್ಟಿದಾಗ 7.40. ಅಕ್ಟೋಬರ್ ತಿಂಗಳು, ಆಗಲೇ ಕತ್ತಲು, ಚಳಿ. ದಾವಣಗೆರೆಯ ಒಬ್ಬರು ಆಂಟಿ ಇನ್ಸುಲಿನ್ ತೆಗೆದುಕೊಳ್ಳುವವರು. ಎಂಟಕ್ಕೆ ಊಟ ಆಗಲೇಬೇಕು ಅಂತ ಅವರ ಮಗಳು ಬೆಂಗಳೂರಿನಿಂದಲೇ ಮೂರು ಸಲ ಮೆಸೇಜ್ ಮಾಡಿದ್ದಳು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೊಂದೇ. 45 ನಿಮಿಷವನ್ನು 25ಕ್ಕೆ ಇಳಿಸಿದರೆ ಎಲ್ಲ ಸರಿಹೋಗುತ್ತದೆ.

ಊರ ನಡುವಿನ ಬಯಲಿನಲ್ಲಿ ಬೆಂಕಿ ಹಾಕಿದ್ದರು. ಹತ್ತು ಹನ್ನೆರಡು ಗಂಡಸರು ಬಿಳಿ ನಿಲುವಂಗಿ ಹಾಕಿಕೊಂಡು ಬೆಂಕಿಯ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಬೆಂದಿರ್. ಮರದ ಬಳೆಗೆ ಆಡಿನ ಚರ್ಮ ಬಿಗಿದ ವಾದ್ಯ, ಅಗಲವಾದ ಜರಡಿಯಷ್ಟು ದೊಡ್ಡದು. ಹಿಂದುಗಡೆ ಚರ್ಮಕ್ಕೆ ತಾಗಿಕೊಂಡಂತೆ ನರದ ತಂತಿ ಎಳೆದಿರುತ್ತಾರೆ, ಬಡಿದರೆ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ. ಒಬ್ಬ ಹುಡುಗ ಬೆಂದಿರ್‌ನ ಮುಖ ಬೆಂಕಿಗೆ ತೋರಿಸುತ್ತಿದ್ದ. ಸ್ವಲ್ಪ ಹೊತ್ತು ಹಿಡಿಯುವುದು, ಬೆರಳಿನಿಂದ ಒಂದು ಏಟು ಕೊಡುವುದು, ಕಿವಿ ಹತ್ತಿರ ತಂದು ಕೇಳುವುದು, ಮತ್ತೆ ಸ್ವಲ್ಪ ತಿರುಗಿಸಿ ಬೆಂಕಿಗೆ ಹಿಡಿಯುವುದು. ಚಳಿಗೆ ಚರ್ಮ ಸಡಿಲ ಆಗಿತ್ತು. ಏಟು ಹಾಕಿದರೆ ಬದ್ ಬದ್ ಅನ್ನುತ್ತಿತ್ತು.

ನಮ್ಮೂರು ಅರಸೀಕೆರೆ ಕಡೆ. ಜಾತ್ರೆ ದಿನ ತೆಂಗಿನ ಗರಿ ಉರಿಸಿ ತಮಟೆ ಕಾಯಿಸುವುದನ್ನು ನೋಡಿಕೊಂಡೇ ಬೆಳೆದವಳು ನಾನು. ತಮಟೆ ಕಾಯೋವರೆಗೆ ದೇವರೂ ಮೇಲೇಳುತ್ತಿರಲಿಲ್ಲ. ಯಾರೂ ಬೇಗ ಮಾಡ್ರಪ್ಪಾ ಅನ್ನುತ್ತಿರಲಿಲ್ಲ. ಅದು ಗೊತ್ತಿದ್ದವಳು ನಾನು, ಗೈಡ್ ಹತ್ತಿರ ಹೋಗಿ 'ಈಗಲೇ ಶುರು ಮಾಡಿಸಿ, ಟೈಮ್ ಇಲ್ಲ' ಅಂದೆ.

'ಚರ್ಮ ಇನ್ನೂ ಹದಕ್ಕೆ ಬಂದಿಲ್ಲ ಮೇಡಂ.'

'ಪರವಾಗಿಲ್ಲ, ನಮ್ಮವರಿಗೆ ಗೊತ್ತಾಗಲ್ಲ.'

ಹೌದು, ಅದೇ ಮಾತು ಹೇಳಿದೆ. ಗೈಡ್ ನನ್ನ ಮುಖ ಒಂದು ಕ್ಷಣ ನೋಡಿ ಅವರ ಕಡೆ ಹೋದರು.

ಶುರುವಾಯಿತು. ಆದರೆ ಡ್ರಮ್ ಇಲ್ಲ. ಒಬ್ಬರು ಮುದುಕರು, ಎಪ್ಪತ್ತರ ಮೇಲಿರಬಹುದು, ಎದ್ದು ನಿಂತು ಒಂದು ಸಾಲು ಹಾಡಿದರು. ಉದ್ದದ ಎಳೆತ, ತಾಳ ಇಲ್ಲ. ನಿಲ್ಲಿಸಿದರು. ಎದುರು ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ಹಾಡಿದರು. ಮತ್ತೆ ಮುದುಕರು. ಮತ್ತೆ ಹೆಂಗಸರು. ಆಮೇಲೆ ಇನ್ನೊಬ್ಬರು ಗಂಡಸರು ಏನೋ ಉತ್ತರ ಕೊಟ್ಟ ಹಾಗೆ ಹಾಡಿದರು. ಹತ್ತು ನಿಮಿಷ ಆಯಿತು. ಹದಿನೈದು ಆಯಿತು. ನಮ್ಮವರಲ್ಲಿ ಅರ್ಧ ಜನ ಮೊಬೈಲ್ ತೆಗೆದಿದ್ದರು, ನೆಟ್‌ವರ್ಕ್ ಇಲ್ಲ ಅಂತ ಒಳಗಿಟ್ಟರು. ಹಿಂದಿನಿಂದ ಯಾರೋ, 'ಮೇಡಂ, ಡ್ಯಾನ್ಸ್ ಯಾವಾಗ?' ಅಂದರು. ದಾವಣಗೆರೆ ಆಂಟಿ ಶಾಲು ಬಿಗಿಯಾಗಿ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಗಡಿಯಾರ 8.05.

ಇಸ್ತಾಂಬುಲ್‌ನ ಡಿನ್ನರ್ ಕ್ರೂಸ್‌ನಲ್ಲಿ, ದುಬೈ ಸಫಾರಿಯಲ್ಲಿ, ಗ್ರೂಪ್ ತಣ್ಣಗಾದಾಗ ನಾವೆಲ್ಲ ಒಂದು ಕೆಲಸ ಮಾಡುತ್ತೇವೆ. ಎದ್ದು ನಿಂತು ಚಪ್ಪಾಳೆ ಹೊಡೆದು ಗೆಸ್ಟ್‌ಗಳನ್ನು ಎಬ್ಬಿಸುತ್ತೇವೆ. ಕಲಾವಿದರೂ ಅದಕ್ಕೆ ಹೊಂದಿಕೊಂಡಿರುತ್ತಾರೆ. ನಾನು ಅದನ್ನೇ ಮಾಡಿದೆ. ಎದ್ದೆ. ಎರಡೂ ಕೈ ಮೇಲೆತ್ತಿ ಚಪ್ಪಾಳೆ ಶುರು ಮಾಡಿದೆ. 'ಬನ್ನಿ ಬನ್ನಿ, ಎಲ್ಲರೂ ಏಳಿ!' ಅಂದೆ. ನಮ್ಮವರಿಗೆ ಅಷ್ಟೇ ಬೇಕಾಗಿತ್ತು. ಹೆಚ್ಚುಕಮ್ಮಿ ಎಲ್ಲರೂ ಎದ್ದು ಜೋರಾಗಿ ಚಪ್ಪಾಳೆ ಹೊಡೆದರು. ಯಾರೋ ಶಿಳ್ಳೆ ಹಾಕಿದರು.

ಮುದುಕರು ಸಾಲಿನ ಮಧ್ಯದಲ್ಲಿ ನಿಲ್ಲಿಸಿಬಿಟ್ಟರು.

ನಿಂತಿದ್ದು ಎಷ್ಟು ಹೊತ್ತೋ. ಎರಡು ನಿಮಿಷ ಇರಬಹುದು. ನನಗೆ ಅದು ಮುಗಿಯಲೇ ಇಲ್ಲ. ನಮ್ಮ ಚಪ್ಪಾಳೆ ಒಂದೊಂದಾಗಿ ಕಡಿಮೆಯಾಗಿ ನಿಂತಿತು. ಬೆಂಕಿಯ ಚಟಪಟ ಸದ್ದು ಮಾತ್ರ. ಮುದುಕರು ಮುಂದಕ್ಕೆ ಚಾಚಿದ್ದ ಬಲಗೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಹೆಂಗಸರ ಸಾಲಿನ ತುದಿಯಲ್ಲಿದ್ದ ಒಬ್ಬಳು ಹುಡುಗಿ ಆ ಸಾಲನ್ನು ಎತ್ತಿಕೊಳ್ಳಲು ಬಾಯಿ ತೆರೆದಿದ್ದಳು, ಪಕ್ಕದವಳು ಅವಳ ಮೊಣಕೈ ಮುಟ್ಟಿ ಸುಮ್ಮನಾಗಿಸಿದಳು. ನನ್ನ ಕೈಗಳು ಇನ್ನೂ ಎದೆಯ ಮಟ್ಟದಲ್ಲೇ ಇದ್ದವು, ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಗೈಡ್ ಕಡೆ ನೋಡಿದೆ. ಅವರು ನನ್ನನ್ನು ನೋಡದೆ ನೆಲ ನೋಡುತ್ತಿದ್ದರು.

ತಂಡದ ಹಿರಿಯರೊಬ್ಬರು ಗೈಡ್ ಹತ್ತಿರ ಬಂದು ಎರಡೇ ಮಾತು ಕೇಳಿದರು. ಗೈಡ್ ಅದಕ್ಕಿಂತ ಚಿಕ್ಕ ಉತ್ತರ ಕೊಟ್ಟರು. ಹಿರಿಯರು ತಲೆಯಾಡಿಸಿ ತಮ್ಮವರ ಕಡೆ ತಿರುಗಿ ಕೈಸನ್ನೆ ಮಾಡಿದರು. ಹನ್ನೆರಡು ಬೆಂದಿರ್‌ಗಳೂ ಒಟ್ಟಿಗೆ ಎದ್ದವು.

ಆಮೇಲೆ ಇಪ್ಪತ್ತು ನಿಮಿಷ ಭರ್ಜರಿ ಕುಣಿತ. ನಮ್ಮವರೂ ಸೇರಿಕೊಂಡರು, ವಿಡಿಯೊ ಮಾಡಿದರು. ಮೇಷ್ಟ್ರು ಮಾತ್ರ ಕೂತೇ ಇದ್ದರು. 8.30ಕ್ಕೆ ಊಟಕ್ಕೆ ಕೂರಿಸಿದೆ. ಅಡುಗೆಯವರನ್ನು ವಿಚಾರಿಸಿದರೆ ತಾಜೀನ್ ಏಳೂವರೆಗೇ ರೆಡಿ ಇತ್ತಂತೆ, ಕೆಂಡದ ಮೇಲೆ ಬಿಸಿಯಾಗಿಯೇ ಇಟ್ಟಿದ್ದರಂತೆ. ಆಂಟಿಗೆ, ಬೇಕಾದರೆ ಹದಿನೆಂಟು ಜನಕ್ಕೂ, ಬಂದ ತಕ್ಷಣ ಊಟ ಹಾಕಬಹುದಿತ್ತು. ನಾನು ಕೇಳಲೇ ಇಲ್ಲ. ಶೀಟ್‌ನಲ್ಲಿ ಶೋ ಮೊದಲು, ಡಿನ್ನರ್ ಆಮೇಲೆ ಅಂತ ಇತ್ತಲ್ಲ. ಒಂಬತ್ತು ವರ್ಷ ಈ ಕೆಲಸ ಮಾಡಿ, ಎರಡು ಸಾಲು ಮೇಲೆ ಕೆಳಗೆ ಮಾಡಬಹುದು ಅಂತ ನನಗೆ ಹೊಳೆಯಲಿಲ್ಲ.

ಅವತ್ತು ಗೈಡ್ ನಮ್ಮ ಟೇಬಲ್‌ಗೆ ಬರಲಿಲ್ಲ. ಡ್ರೈವರ್ ಜೊತೆ ಹೊರಗೆ ಊಟ ಮಾಡಿದರು. ಬೆಳಗ್ಗೆ ಬಸ್ಸಿನ ಮುಂದಿನ ಸೀಟಿನಲ್ಲಿ ನಾನೇ ಕೇಳಿದೆ. ಅವರು ಏನು ಹಾಡುತ್ತಿದ್ದರು? ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅಹ್ವಾಶ್‌ನಲ್ಲಿ ಮೊದಲು ಬರುವುದು ಪದ್ಯ. ಕವಿಗಳು ಅಲ್ಲೇ ನಿಂತು ಕಟ್ಟುತ್ತಾರೆ, ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರೆ. ಪದ್ಯ ಕುದಿಗೆ ಬಂದ ಮೇಲೆ ಬೆಂದಿರ್. ಅದಾದ ಮೇಲೆ ಕುಣಿತ. ಅವತ್ತು ಮುದುಕರು ಕಟ್ಟುತ್ತಿದ್ದದ್ದು ನಮ್ಮ ಬಗ್ಗೆ. 'ಸಮುದ್ರ ದಾಟಿ, ಬೆಟ್ಟ ದಾಟಿ ಬಂದವರೇ, ನಮ್ಮ ಗೋಡೆ ಬಿರಿದಿದೆ, ಬಾಗಿಲು ತೆರೆದಿದೆ' ಅಂತ ಶುರು ಮಾಡಿದ್ದರಂತೆ. ಆಮೇಲೆ ನಿಮ್ಮ ಊರಿನಲ್ಲಿ ಬೆಟ್ಟ ಇದೆಯಾ, ಮಳೆ ಬಂತಾ ಅಂತ ಕೇಳುತ್ತಿದ್ದರಂತೆ. ಅದಕ್ಕೆ ಆ ಇನ್ನೊಬ್ಬರು ನಮ್ಮ ಪರವಾಗಿ ಉತ್ತರ ಕೊಡುತ್ತಿದ್ದರು.

'ಮುಂದೆ ಏನಿತ್ತು?' ಅಂದೆ.

'ಮುಂದೆ ಏನೂ ಇಲ್ಲ ಮೇಡಂ. ಅಲ್ಲೇ ಕಟ್ಟೋದು. ನಿಂತ ಮೇಲೆ ಅದು ಯಾರ ಹತ್ತಿರವೂ ಇರಲ್ಲ.'

ಹಿರಿಯರು ಬಂದು ಏನು ಕೇಳಿದರು ಅಂತಲೂ ಕೇಳಿದೆ. 'ಹೋಟೆಲ್‌ಗಳಲ್ಲಿ ಟೂರಿಸ್ಟ್‌ಗಳಿಗೆ ಆಡ್ತೀವಲ್ಲ, ಇವರಿಗೂ ಅದೇ ಸಾಕಾ ಅಂತ ಕೇಳಿದ್ರು. ನಾನು ಸಾಕು ಅಂದೆ.'

ಐತ್ ಬೆನ್‌ಹದ್ದುವರೆಗೂ ನಾನು ಮೈಕ್ ಮುಟ್ಟಲಿಲ್ಲ.

ಎರಡು ದಿನ ಆದ ಮೇಲೆ ಮೆರ್ಜೂಗಾ. ಅಲ್ಲಿಂದ ಏಳು ಕಿಲೋಮೀಟರ್ ದೂರದಲ್ಲಿ ಖಮ್ಲಿಯಾ ಅನ್ನುವ ಪುಟ್ಟ ಊರು. ಅಲ್ಲಿ ಗ್ನಾವಾ ಜನ ಇದ್ದಾರೆ. ಸಹಾರಾದ ಆ ಕಡೆಯಿಂದ ಇವರ ಪೂರ್ವಜರನ್ನು ಗುಲಾಮರಾಗಿ ತಂದಿದ್ದರು. ಮೂರು ತಂತಿಯ ಗುಯಂಬ್ರಿ ಅನ್ನುವ ವಾದ್ಯ, ತಾಳದಂಥ ಕಬ್ಬಿಣದ ಕರ್ಕಬ್, ಮತ್ತು ಹಾಡು. ಈ ಸಂಗೀತವನ್ನು ಯುನೆಸ್ಕೊ 2019ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಶೀಟ್‌ನಲ್ಲಿ '30 ನಿಮಿಷ' ಅಂತಿತ್ತು. ನಾನು ಬಸ್ಸಿನಲ್ಲೇ ಎಲ್ಲರಿಗೂ ಚಿಕ್ಕಿ, ಖಾಕ್ರಾ ಕೊಟ್ಟು, ಆಂಟಿಗೆ ಊಟ ಮುಗಿಸಿಯೇ ಕರೆದುಕೊಂಡು ಹೋದೆ. ಮೈಕ್‌ನಲ್ಲಿ ಹೇಳಿದೆ, ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ, ಸಾಕು ಅನಿಸಿದವರು ಸದ್ದಿಲ್ಲದೆ ಎದ್ದು ಬಸ್ಸಿಗೆ ಬನ್ನಿ.

ಕಂಬಳಿ ಹಾಸಿದ ಕೋಣೆ. ಗುಯಂಬ್ರಿಗೆ ಒಂಟೆ ಚರ್ಮ ಹೊದಿಸಿರುತ್ತಾರೆ. ನುಡಿಸುವವರು ತಂತಿ ಮೀಟುತ್ತಲೇ ಆ ಚರ್ಮದ ಮೇಲೆ ಬೆರಳಿನಿಂದ ಏಟು ಹಾಕುತ್ತಾರೆ, ಹಾಗಾಗಿ ಒಂದೇ ವಾದ್ಯದಲ್ಲಿ ತಂತಿಯೂ ಡೋಲೂ ಕೇಳುತ್ತದೆ. ಒಂದೇ ಸಾಲು ಮತ್ತೆ ಮತ್ತೆ. ಮೊದಲು ಬೇಜಾರಾಗುತ್ತದೆ. ಹತ್ತನೇ ನಿಮಿಷಕ್ಕೆ ಕಾಲು ತಾನೇ ಅಲ್ಲಾಡಲು ಶುರುವಾಗುತ್ತದೆ. ಐದು ಜನ ಎದ್ದು ಹೋದರು, ಇಬ್ಬರು ನಿದ್ದೆ ಹೋದರು. ಹನ್ನೊಂದು ಜನ ಒಂದೂಕಾಲು ಗಂಟೆ ಕೂತರು. ಈ ಸಂಜೆಗೆ ಫೀಡ್‌ಬ್ಯಾಕ್‌ನಲ್ಲಿ ಮೂರು, ನಾಲ್ಕು ಬಂತು. 'ಟೂ ಲಾಂಗ್' ಅಂತ ಇಬ್ಬರು ಬರೆದರು. ಮೇಷ್ಟ್ರು ಅಂಕ ಹಾಕದೆ, ಕೆಳಗೆ ಕನ್ನಡದಲ್ಲಿ 'ಆ ಹಳ್ಳಿಯಲ್ಲೂ ಹೀಗೆ ಕೂರಬೇಕಿತ್ತು' ಅಂತ ಬರೆದಿದ್ದರು.

ವಾಪಸ್ ಬಂದ ಮೇಲೆ ರಿವ್ಯೂ ಮೀಟಿಂಗ್. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಹ್ವಾಶ್‌ಗೆ ಟೈಮ್ ಸ್ಲಾಟ್ ತೆಗೆಯಿರಿ, ಊಟ ಮೊದಲು ಹಾಕಿ, ಪದ್ಯದ ಅರ್ಥ ಪಿಸುಮಾತಿನಲ್ಲಿ ಹೇಳಲು ಗೈಡ್‌ಗೆ ವಿಸ್ಪರ್ ಸೆಟ್ (ಮೈಕ್, ಇಯರ್‌ಫೋನ್) ಕೊಡಿ ಅಂದೆ. ಸ್ಕೋರ್ ಚೆನ್ನಾಗಿದೆಯಲ್ಲ, ಇದ್ದದ್ದನ್ನು ಯಾಕೆ ಕೆಡಿಸಬೇಕು ಅಂದರು. ಖಮ್ಲಿಯಾವನ್ನೇ ಕಟ್ ಮಾಡಿ ಆ ಜಾಗಕ್ಕೆ ಕ್ವಾಡ್ ಬೈಕ್ ಹಾಕೋಣ ಅಂತಲೂ ಒಂದು ಮಾತು ಬಂತು. ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. ಕುರ್ಚಿಯಲ್ಲಿ ಕೂತು ಟೈಮ್ ಸ್ಲಾಟ್ ಬರೆಯುವವರು ಒಂದು ಸಲ ಆ ಬೆಂಕಿಯ ಮುಂದೆ ನಿಂತು ಬರಬೇಕು. ಒಂದು ಗಂಟೆ ವಾದ ಮಾಡಿ ಖಮ್ಲಿಯಾ ಉಳಿಸಿಕೊಂಡೆ. ಊಟ ಮೊದಲು ಅನ್ನುವುದಕ್ಕೂ ಒಪ್ಪಿದರು. ವಿಸ್ಪರ್ ಸೆಟ್‌ಗೆ ಬಜೆಟ್ ಇಲ್ಲ.

ಮುಂದಿನ ಬ್ಯಾಚ್ ಬರುವ ತಿಂಗಳು ಹೊರಡುತ್ತದೆ. ಅದೇ ಹಳ್ಳಿ, ಅದೇ ಗೈಡ್. ಅವರಿಗೆ ಮೆಸೇಜ್ ಮಾಡಿ ಆ ಮುದುಕರು ಹೇಗಿದ್ದಾರೆ ಅಂತ ಕೇಳಿದೆ. ಚೆನ್ನಾಗಿದ್ದಾರೆ, ಹಾಡುತ್ತಾರೆ ಅಂದರು. ಈ ಸಲ ನಮ್ಮ ಕಡೆಯಿಂದಲೂ ಯಾರಾದರೂ ಉತ್ತರ ಹಾಡಬಹುದಾ ಅಂದೆ. 'ಯಾವ ಭಾಷೆ ಆದ್ರೂ ಸರಿ. ಅವರು ಹಾಡಿ ಮುಗಿಸಲಿ, ಆಮೇಲೆ' ಅಂತ ಬರೆದರು. ಬ್ಯಾಚ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ, ಸೋಬಾನೆ ಪದ ಬರುವವರು ಯಾರಾದರೂ ಇದ್ದೀರಾ ಅಂತ ಕೇಳಿದ್ದೇನೆ. ಶಿರಸಿಯ ಒಬ್ಬರು, ಅಮ್ಮನಿಗೆ ಬರುತ್ತದೆ, ಅಮ್ಮನೂ ಬರುತ್ತಿದ್ದಾರೆ ಅಂತ ಉತ್ತರ ಹಾಕಿದ್ದಾರೆ.

ಹೊಸ ಶೀಟ್ ನಿನ್ನೆ ಬಂತು. 'ಶೋ' ಇದ್ದಲ್ಲಿ 'ಎಕ್ಸ್‌ಪೀರಿಯನ್ಸ್' ಆಗಿದೆ. ಪಕ್ಕದಲ್ಲಿ 45 ನಿಮಿಷ ಹಾಗೇ ಇದೆ. ನನ್ನ ಕಾಪಿಯಲ್ಲಿ ಅದನ್ನು ಪೆನ್ನಿನಿಂದ ಹೊಡೆದು ಹಾಕಿದ್ದೇನೆ.